ಗೇಮ್ ಮುಗಿದಾಗ ಲೆಕ್ಕ ಚುಕ್ತಾ ಆಗಿರಬೇಕು

"ಅರವತ್ ತಾಸ ಆಡೀನಿ, ಕಡಿಗಿ ಸತ್ತೇ ಹೋದ್ನಲ್ಲೋ ಮಾರಾಯಾ!" ಕಥೆಯಿರುವ ದೊಡ್ಡ ಗೇಮ್ ಮುಗಿಸಿದ ಕಲಬುರಗಿ ಹುಡುಗರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಇದೇ. "ಸತ್ತದ್ದಕ್ಕೇ ಛಲೋ ಅದ" ಎಂಬ ಉತ್ತರವೂ ಪಕ್ಕದಲ್ಲೇ ಸಿದ್ಧವಿರುತ್ತದೆ. ಗೇಮ್ ಕಥೆಗಳು ಸುಖಾಂತವಾಗಿರಬೇಕೇ ಎಂಬ ಚರ್ಚೆ ಹೀಗೆ ಎರಡು ಪಕ್ಷವಾಗಿ ಹಂಚಿಹೋಗಿ ಅಲ್ಲೇ ನಿಂತುಬಿಡುತ್ತದೆ. ಆದರೆ ಈವರೆಗೆ ಆಟಗಾರರು ರೊಚ್ಚಿಗೆದ್ದ ಎಂಡಿಂಗ್‌ಗಳನ್ನೂ, ಅತ್ತುಕೊಂಡೇ ಮೆಚ್ಚಿದ ಎಂಡಿಂಗ್‌ಗಳನ್ನೂ ಬಿಚ್ಚಿ ನೋಡಿದರೆ ಜಗಳ ಸಾವು ಬದುಕಿನದಲ್ಲ ಎಂದು ಗೊತ್ತಾಗುತ್ತದೆ. ಅಷ್ಟು ತಾಸು ಗೇಮ್ ನಮ್ಮ ಕೈಯಿಂದ ಏನೇನು ಮಾಡಿಸಿತೋ ಅದಕ್ಕೆ ಕೊನೆಯಲ್ಲಿ ಜವಾಬು ಸಿಕ್ಕಿತೇ ಎಂಬುದೇ ತಕರಾರು.

ಮುಂದೆ ಹಲವು ಗೇಮ್‌ಗಳ ಕೊನೆ ಬಯಲಾಗುತ್ತದೆ. ಆಡಬೇಕೆಂದಿರುವವರು ಆಡಿ ಬಂದು ಓದುವುದು ಒಳ್ಳೆಯದು. ಆನ್‌ಲೈನ್ ಕಾದಾಟದ ಬಿಜಿಎಂಐ, ಫ್ರೀ ಫೈರ್‌ಗಳಿಗೆ ಈ ಪ್ರಶ್ನೆ ತಟ್ಟುವುದೇ ಇಲ್ಲ. ಅಲ್ಲಿ ಮ್ಯಾಚ್ ಮುಗಿಯುತ್ತದೆ, ಕಥೆ ಮುಗಿಯುವುದಿಲ್ಲ. 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇನಲ್ಲಿ ಮರಳಿದ ಬಿಜಿಎಂಐಗೆ ಎಂಡಿಂಗ್ ಅಂತ ಯಾವತ್ತಾದರೂ ಬಂದರೆ ಅದು ಸರ್ವರ್ ಬಂದಾದ ದಿನವೇ.

ಒಂದೇ ಕಂಪನಿಯ ಎರಡು ಕೊನೆಗಳು

ಕೆನಡಾದ ಬಯೋವೇರ್ 2010ರ ಜನವರಿಯಲ್ಲಿ 'ಮಾಸ್ ಇಫೆಕ್ಟ್ 2' ಬಿಡುಗಡೆ ಮಾಡಿತು. ಅದರ ಕೊನೆಯ ಕಾರ್ಯಾಚರಣೆಯನ್ನು ಗೇಮ್ ಒಳಗೇ 'ಸೂಸೈಡ್ ಮಿಷನ್' ಎಂದು ಕರೆಯುತ್ತಾರೆ. ನಾಯಕ ಶೆಪರ್ಡ್ ಜೊತೆ ಹೋಗುವ ಸಂಗಡಿಗರು, ಡಿಎಲ್‌ಸಿ ಎಂಬ ಹೆಚ್ಚುವರಿ ಭಾಗ ಸೇರಿಸಿದರೆ, ಹನ್ನೆರಡು ಮಂದಿ. ಎಲ್ಲರೂ ಬದುಕಿ ಬರಬಹುದು, ಬಹುಪಾಲು ಸಾಯಬಹುದು, ಕಡೆಗೆ ಇಬ್ಬರಾದರೂ ಉಳಿಯದಿದ್ದರೆ ಶೆಪರ್ಡ್‌ ಕೂಡ ಸಾಯುತ್ತಾನೆ.

ಯಾರು ಸಾಯುತ್ತಾರೆ ಎಂಬುದು ತೀರ್ಮಾನವಾಗುವ ಬಗೆ ನೋಡಿ. ಬಾಹ್ಯಾಕಾಶದ ಹಡಗಿಗೆ ಮೂರು ಸುಧಾರಣೆ ಬೇಕು: ಗಟ್ಟಿ ಕವಚ, ಶೀಲ್ಡ್, ಹೊಸ ತೋಪು. ಅದಕ್ಕೆ ಖನಿಜ ಬೇಕು, ಖನಿಜಕ್ಕೆ ಗ್ರಹಗಳನ್ನು ಜಾಲಾಡುವ ಬೇಸರದ ಕೆಲಸ ಮಾಡಬೇಕು. ಮೂರರಲ್ಲಿ ಒಂದು ಬಿಟ್ಟರೆ ಒಬ್ಬ ಸಂಗಡಿಗ ದಾರಿಯಲ್ಲೇ ಹೋದ. ಪ್ರತಿಯೊಬ್ಬರಿಗೂ ಒಂದೊಂದು ಸ್ವಂತದ ಕೆಲಸವಿರುತ್ತದೆ. ಅದನ್ನು ಮಾಡಿಕೊಟ್ಟರೆ ಅವರ ನಿಷ್ಠೆ ಸಿಗುತ್ತದೆ, ಮಾಡದಿದ್ದರೆ ಕೊನೆಯಲ್ಲಿ ಅವರ ಮನಸ್ಸು ಎಲ್ಲೋ ಇದ್ದು ಜೀವ ಹೋಗುತ್ತದೆ. ಕಿರಿದಾದ ಕೊಳವೆಯೊಳಗೆ ಒಬ್ಬರನ್ನು ನುಗ್ಗಿಸುವ ಘಟ್ಟ ಬರುತ್ತದೆ. ಯಂತ್ರ ಬಲ್ಲ ಟಾಲಿ, ಲೀಜನ್ ಅಥವಾ ಕಸುಮಿ ಹೋದರೆ, ನಿಷ್ಠೆ ಗಳಿಸಿದ್ದರೆ, ಹೊರಗಿನ ತಂಡದ ಮುಂದಾಳನ್ನೂ ಸರಿಯಾಗಿ ಆರಿಸಿದ್ದರೆ ಬದುಕುತ್ತಾರೆ. ಮೂರರಲ್ಲಿ ಒಂದು ತಪ್ಪಿದರೂ ಬಾಗಿಲು ಮುಚ್ಚುವ ಕ್ಷಣದಲ್ಲಿ ಮುಖಕ್ಕೆ ರಾಕೆಟ್ ಬಡಿಯುತ್ತದೆ. ಹಡಗಿನ ಸಿಬ್ಬಂದಿ ಅಪಹರಣವಾದ ಮೇಲೆ ತಕ್ಷಣ ಹೊರಟರೆ ಎಲ್ಲರೂ ಸಿಗುತ್ತಾರೆ; "ಇನ್ನೊಂದು ಸೈಡ್ ಮಿಷನ್ ಮುಗಿಸಿ ಹೋಗೋಣ" ಎಂದರೆ ಅರ್ಧ ಮಂದಿ ಕರಗಿಹೋಗಿರುತ್ತಾರೆ.

ಇಲ್ಲಿ ಸತ್ತವರಿಗಾಗಿ ಕಂಪನಿಯನ್ನು ಬೈದವರು ಅಪರೂಪ. ಆಟಗಾರ ತನ್ನನ್ನೇ ಬೈದುಕೊಂಡು ಮತ್ತೆ ಆಡುತ್ತಾನೆ. ಸುಖಾಂತ ಸಿಕ್ಕವನಿಗೂ ಅದು ಬಿಟ್ಟಿ ಸಿಕ್ಕಿತು ಅನಿಸುವುದಿಲ್ಲ.

ಎರಡು ವರ್ಷದ ನಂತರ, 2012ರ ಮಾರ್ಚ್‌ನಲ್ಲಿ, ಅದೇ ಕಂಪನಿಯ ಮೂರನೇ ಭಾಗ. 2007ರಿಂದ ಸೇವ್ ಫೈಲ್ ದಾಟಿಸಿಕೊಂಡು ಬಂದ ನಿರ್ಧಾರಗಳೆಲ್ಲ ಇಲ್ಲಿ ಕೂಡಬೇಕಿತ್ತು. ಗೇಮ್ ಅವನ್ನೆಲ್ಲ ಯುದ್ಧಬಲ ಎಂಬ ಒಂದು ಅಂಕಿಯಾಗಿ ಕೂಡಿಸಿತು. ಕೊನೆಯ ಹತ್ತು ನಿಮಿಷದಲ್ಲಿ, ಅಲ್ಲಿಯವರೆಗೆ ಮಾತಾಡಿಯೇ ಇರದ ಒಂದು ಪಾತ್ರ ಮಗುವಿನ ರೂಪದಲ್ಲಿ ಬಂದು ಮೂರು ದಾರಿ ತೋರಿಸಿತು. ಯಾವುದನ್ನು ಆರಿಸಿದರೂ ಹೆಚ್ಚುಕಡಿಮೆ ಅದೇ ದೃಶ್ಯ. ಬೆಳಕಿನ ಬಣ್ಣ ಮಾತ್ರ ಕೆಂಪು, ನೀಲಿ, ಹಸಿರು. ಅಭಿಮಾನಿಗಳು ಚಂದಾ ಎತ್ತಿ ನಾನೂರು ಕಪ್‌ಕೇಕ್ ಮಾಡಿಸಿ ಬಯೋವೇರ್ ಕಚೇರಿಗೆ ಕಳಿಸಿದರು: ಮೇಲೆ ಮೂರು ಬಣ್ಣ, ಒಳಗೆ ಒಂದೇ ರುಚಿ. ಗೇಮ್ ವಿಮರ್ಶೆಯಲ್ಲಿ ಇದಕ್ಕಿಂತ ಚೊಕ್ಕವಾದದ್ದು ಬಂದಿರುವುದು ನಮಗೆ ಗೊತ್ತಿಲ್ಲ.

ಅದೇ ವರ್ಷ ಜೂನ್ 26ಕ್ಕೆ ಕಂಪನಿ 'ಎಕ್ಸ್‌ಟೆಂಡೆಡ್ ಕಟ್' ಅನ್ನು ಉಚಿತವಾಗಿ ಕೊಟ್ಟಿತು. ಅದರಲ್ಲಿ ಎಂಡಿಂಗ್ ಸುಖಾಂತವಾಗಲಿಲ್ಲ. ಯಾವ ಜನಾಂಗ ಏನಾಯಿತು, ಸಂಗಡಿಗರು ಎಲ್ಲಿ ಹೋದರು ಎಂಬ ಚಿತ್ರಗಳು ಬಂದವು, ಮೂರನ್ನೂ ಒಲ್ಲೆ ಎನ್ನುವ ನಾಲ್ಕನೇ ದಾರಿ ಬಂತು, ಆ ದಾರಿ ಹಿಡಿದರೆ ಎಲ್ಲರ ಸರ್ವನಾಶ. ಅಷ್ಟಕ್ಕೇ ಸಿಟ್ಟು ಸಾಕಷ್ಟು ಇಳಿಯಿತು. ಜನ ಬಯಸಿದ್ದು ನಗುವನ್ನಾಗಿದ್ದರೆ ಇದು ಕೆಲಸ ಮಾಡುತ್ತಿರಲಿಲ್ಲ.

ಹಾಗಂತ ಕಡೇ ಘಳಿಗೆಯ ಆಯ್ಕೆಯೇ ತಪ್ಪು ಎನ್ನುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಬಂದ ಫ್ರಾನ್ಸಿನ 'ಕ್ಲೇರ್ ಆಬ್ಸ್‌ಕ್ಯೂರ್' ಕೊನೆಯಲ್ಲಿ ಎರಡೇ ಬಾಗಿಲು ಇಡುತ್ತದೆ. ಹಿಂದಿನ ಯಾವ ಎಣಿಕೆಯೂ ಅಲ್ಲಿ ಲೆಕ್ಕಕ್ಕಿಲ್ಲ, ಎರಡೂ ಕಡೆ ಕಳಕೊಳ್ಳುವುದು ಇದ್ದೇ ಇದೆ. ಆದರೂ ಅದು ನಿಲ್ಲುತ್ತದೆ. ಸತ್ತವರ ನೆನಪಿನ ಲೋಕದಲ್ಲೇ ಇದ್ದುಬಿಡುವುದೋ, ಅದನ್ನು ಬಿಟ್ಟು ಹೊರಡುವುದೋ ಎಂದು ಒಂದು ಕುಟುಂಬ ಕಥೆಯುದ್ದಕ್ಕೂ ಬಡಿದಾಡಿದ ಪ್ರಶ್ನೆಯನ್ನೇ ಕೊನೆಯ ಆಯ್ಕೆ ಆಟಗಾರನ ಮುಂದಿಡುತ್ತದೆ. ಮಾಸ್ ಇಫೆಕ್ಟ್ 3ರ ಮಗು ಕೇಳಿದ ಪ್ರಶ್ನೆಯನ್ನು ಅದಕ್ಕೂ ಮೊದಲು ಆ ಗೇಮ್ ಗಟ್ಟಿಯಾಗಿ ಕೇಳಿರಲಿಲ್ಲ.

ಎಣಿಕೆ ಕಾಣದಂತೆ ಇಟ್ಟರೆ

ಗೇಮ್ ನಮ್ಮ ನಡತೆಯನ್ನು ಎಣಿಸುವುದರಲ್ಲಿ ಎರಡು ಜಾತಿ. ನಡೆದುಕೊಂಡ ರೀತಿಯನ್ನೇ ಎಣಿಸುವ ಮೊದಲನೆಯದಕ್ಕೆ 2001ರ 'ಸೈಲೆಂಟ್ ಹಿಲ್ 2' ಇಂದಿಗೂ ಮಾದರಿ. ಹೆಂಡತಿಯನ್ನು ಹುಡುಕಿಕೊಂಡು ಬರುವ ಜೇಮ್ಸ್‌ನ ಕೊನೆ ಏನು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಗಾಯವಾದಾಗ ತಕ್ಷಣ ಔಷಧಿ ಹಾಕಿಕೊಂಡಿರಾ, ಹೆಂಡತಿಯ ಫೋಟೊ ಮತ್ತು ಪತ್ರ ತೆಗೆದು ನೋಡಿದಿರಾ, ಆಂಜೆಲಾ ಎಂಬವಳ ಚಾಕುವನ್ನು ಮತ್ತೆ ಮತ್ತೆ ತೆಗೆದು ನೋಡಿದಿರಾ, ಮರಿಯಾ ಎಂಬವಳ ಹತ್ತಿರ ಹತ್ತಿರವೇ ನಡೆದಿರಾ ಎಂಬುದನ್ನು ಗೇಮ್ ಗುಟ್ಟಾಗಿ ನೋಡಿಕೊಂಡಿರುತ್ತದೆ. ಮೈಮೇಲೆ ನಿಗಾ ಇಲ್ಲದೆ ರಕ್ತ ಸೋರಿಸಿಕೊಂಡೇ ಅಲೆದವನಿಗೆ, ಚಾಕು ನೋಡುತ್ತಾ ಕೂತವನಿಗೆ, ಜೇಮ್ಸ್ ನೀರಿಗೆ ಬೀಳುವ ಎಂಡಿಂಗ್. ಆಟಗಾರ ಇದನ್ನು ಆರಿಸಿರುವುದಿಲ್ಲ, ಹಾಗೆ ನಡೆದುಕೊಂಡಿರುತ್ತಾನೆ. 2024ರ ಮರುನಿರ್ಮಾಣವೂ ಈ ಹಳೆಯ ಪದ್ಧತಿಯನ್ನು ಬಿಡಲಿಲ್ಲ.

ಎರಡನೇ ಜಾತಿ ಮಾತಿನ ಆಯ್ಕೆಗಳದ್ದು, ಎಡವುವುದು ಅಲ್ಲೇ. 2015ರ 'ವಿಚರ್ 3'ರಲ್ಲಿ ನಾಯಕನ ಸಾಕುಮಗಳಂಥ ಸಿರಿ ಬದುಕುವಳೋ ಇಲ್ಲವೋ ಎಂಬುದನ್ನು ಐದು ಸಣ್ಣ ಘಳಿಗೆಗಳು ನಿರ್ಧರಿಸುತ್ತವೆ. ಸೋತು ಕುಗ್ಗಿದವಳ ಜೊತೆ ಹಿಮದ ಉಂಡೆ ಎಸೆದಾಡಿದಿರಾ, ಮಾಟಗಾತಿಯರ ಸಭೆಗೆ ಅವಳನ್ನು ಒಬ್ಬಳನ್ನೇ ಕಳಿಸಿದಿರಾ, ಸಿಟ್ಟಿನಲ್ಲಿ ಪ್ರಯೋಗಶಾಲೆ ಒಡೆಯಲು ಬಿಟ್ಟಿರಾ, ಸತ್ತ ಗೆಳೆಯನ ಸಮಾಧಿಗೆ ಜೊತೆಗೆ ಹೋದಿರಾ, ಅವಳನ್ನು ಚಕ್ರವರ್ತಿಯ ಹತ್ತಿರ ಕರೆದೊಯ್ದು ಇನಾಮಿನ ದುಡ್ಡು ಇಸಕೊಂಡಿರಾ. ಬೆಳೆದ ಮಗಳನ್ನು ನಂಬು ಎಂಬುದು ಇದರ ಒಳತಿರುಳು, ಬಹಳ ಚೆಂದದ ತಿರುಳು. ತೊಂದರೆ ಮೊದಲ ಘಳಿಗೆಯಲ್ಲಿದೆ. "ಎಲ್ಲದರಲ್ಲೂ ಗೆಲ್ಲಲೇಬೇಕೆಂದಿಲ್ಲ ಬಿಡು" ಎಂಬ ಧಾಟಿಯ ಸಮಾಧಾನದ ಮಾತನ್ನು ಗೇಮ್ ಋಣವಾಗಿ ಎಣಿಸುತ್ತದೆ, ಮತ್ತು ಹಾಗೆ ಎಣಿಸಿದ್ದು ಆಟಗಾರನಿಗೆ ಗೊತ್ತೇ ಆಗುವುದಿಲ್ಲ. ಮಗಳಿಗೆ ಸಮಾಧಾನ ಹೇಳಿದೆ ಅಂದುಕೊಂಡವನಿಗೆ ಇಪ್ಪತ್ತು ತಾಸಿನ ನಂತರ ಮಗಳ ಸಾವು ಎದುರಾದರೆ ಅವನಿಗೆ ಬರುವುದು ದುಃಖವಲ್ಲ, ಅನ್ಯಾಯ ಆಯಿತೆಂಬ ಸಿಟ್ಟು. ಅವನು ಮೊದಲು ಮಾಡುವ ಕೆಲಸ ಯೂಟ್ಯೂಬ್‌ನಲ್ಲಿ ಗೈಡ್ ಹುಡುಕುವುದು. ಗೈಡ್ ನೋಡಿ ಪಡೆದ ಸುಖಾಂತ ಅವನ ಕೈಗೆ ಬಂದರೂ ಮನಸ್ಸಿಗೆ ಇಳಿಯುವುದಿಲ್ಲ.

ಇದಕ್ಕೆ ಔಷಧಿ ದೊಡ್ಡದೇನಲ್ಲ. ತೂಕದ ಮಾತಿನ ನಂತರ ಎರಡು ದೃಶ್ಯದೊಳಗೆ ಅದರ ಒಂದು ಗುರುತು ಕಾಣಿಸಬೇಕು: ಎದುರಿನ ಪಾತ್ರ ಮುಖ ತಿರುಗಿಸಬೇಕು, ಉತ್ತರ ಚುಟುಕಾಗಬೇಕು. ಅಂಕಿ ತೋರಿಸಬೇಕಾಗಿಲ್ಲ.

ಕೇಳುಗನ ಕೈ ಖಾಲಿ, ಆಟಗಾರನ ಕೈಯಲ್ಲಿ ಗುಂಡಿ

ದುಃಖಾಂತ ನಮ್ಮ ಜನಕ್ಕೆ ಆಗಿಬರುವುದಿಲ್ಲ ಎಂಬ ವಾದವಿದೆ. ಕಲಬುರಗಿ, ಬೀದರ, ಯಾದಗಿರಿ ಕಡೆ ಮೊಹರಂ ಬಂತೆಂದರೆ ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರು ಕೂಡಿ ರಿವಾಯತ ಪದ ಹಾಡುತ್ತಾರೆ. ಇಮಾಮ್ ಹುಸೇನರು ಮಡಿದ ಕರ್ಬಲಾದಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಅದೇ ಗೊತ್ತಿರುವ ಸಾವನ್ನು ವರ್ಷವರ್ಷವೂ ಕೇಳುತ್ತಾರೆ. ಬಸವಕಲ್ಯಾಣದ ಕಥೆ ಹರಳಯ್ಯ, ಮಧುವರಸರ ಎಳೆಹೂಟೆಗೆ ಬಂದು, ಶರಣರು ದಿಕ್ಕಾಪಾಲಾಗುವಲ್ಲಿ ಮುಗಿಯುತ್ತದೆ. ಅದನ್ನು ಬದಲಿಸಿ ಹೇಳಿ ಎಂದು ಯಾರೂ ಕೇಳಿಲ್ಲ. ದುಃಖವನ್ನು ತಾಳುವ ಶಕ್ತಿ ಈ ಸೀಮೆಯ ಕಿವಿಗೆ ಚೆನ್ನಾಗಿಯೇ ಇದೆ.

ವ್ಯತ್ಯಾಸ ಬೇರೆ ಕಡೆ ಇದೆ. ಪದ ಕೇಳುವವನು ಆ ಕೊಲೆ ಮಾಡಿರುವುದಿಲ್ಲ. ಗೇಮ್‌ನಲ್ಲಿ ಗುಂಡಿ ಒತ್ತಿದವನು ಆಟಗಾರನೇ. 2018ರ 'ರೆಡ್ ಡೆಡ್ ರಿಡೆಂಪ್ಷನ್ 2' ಇದನ್ನು ಚೆನ್ನಾಗಿ ಅರಗಿಸಿಕೊಂಡ ಗೇಮ್. ಎರಡನೇ ಅಧ್ಯಾಯದಲ್ಲೇ ಡಕಾಯಿತ ನಾಯಕ ಆರ್ಥರ್ ಮಾರ್ಗನ್ ಸಾಲ ವಸೂಲಿಗೆ ಹೋಗಿ ಡೌನ್ಸ್ ಎಂಬ ರೋಗಿಯನ್ನು ಬಡಿಯಬೇಕು. ಬೇಲಿಗೆ ಒತ್ತಿ ಹಿಡಿದವನ ಕೆಮ್ಮಿನ ರಕ್ತ ಆರ್ಥರ್ ಮುಖಕ್ಕೆ ಸಿಡಿಯುತ್ತದೆ. ಈ ಮಿಷನ್ ಬಿಟ್ಟು ಮುಂದೆ ಹೋಗುವಂತಿಲ್ಲ, ಆಟಗಾರನೇ ಹೊಡೆಯಬೇಕು. ನಾಲ್ಕು ಅಧ್ಯಾಯ ಕಳೆದ ಮೇಲೆ ಆರ್ಥರ್‌ಗೆ ಕ್ಷಯ ಎಂದು ವೈದ್ಯರು ಹೇಳಿದಾಗ, ಅದು ಎಲ್ಲಿಂದ ಬಂತು ಎಂದು ಯಾರೂ ವಿವರಿಸಬೇಕಾಗಿಲ್ಲ. ಸಾವು ತಪ್ಪುವುದಿಲ್ಲ, ಆದರೆ ಹೇಗೆ ಸಾಯುತ್ತಾನೆ ಎಂಬುದು ಆಟಗಾರ ಉಳಿಸಿಕೊಂಡ ಮಾನದ ಮಟ್ಟ ಮತ್ತು ಕೊನೆಯ ಒಂದು ಆಯ್ಕೆಯ ಮೇಲೆ ನಿಂತಿದೆ. ಒಳ್ಳೆಯವನಾಗಿ ಬಾಳಿ ಸಂಗಡಿಗ ಜಾನ್‌ನನ್ನು ಪಾರುಮಾಡಿದವನು ಸೂರ್ಯೋದಯ ನೋಡುತ್ತಾ ಹೋಗುತ್ತಾನೆ. ಕೆಟ್ಟವನಾಗಿದ್ದರೆ ಗ್ಯಾಂಗಿನ ದ್ರೋಹಿ ಮೈಕಾನ ಗುಂಡು.

ಆ ಸಾವಿನ ನಂತರ ಗೇಮ್ ಪರದೆ ಎಳೆಯುವುದಿಲ್ಲ. ಎರಡು ಭಾಗದ ಉಪಸಂಹಾರ, ಹಲವು ತಾಸಿನದು. ಜಾನ್ ಮಾರ್ಸ್‌ಟನ್ ಸಗಣಿ ಎತ್ತುತ್ತಾನೆ, ಬ್ಯಾಂಕ್ ಸಾಲ ತೆಗೆಯುತ್ತಾನೆ, ಮೊಳೆ ಹೊಡೆದು ಮನೆ ಕಟ್ಟುತ್ತಾನೆ, ಮೊಳೆ ಹೊಡೆಯುವ ಗುಂಡಿಯನ್ನೂ ನಾವೇ ಒತ್ತಬೇಕು. ಬಡಿದ ಕೈಗೆ ಕಟ್ಟುವ ಕೆಲಸ ಕೊಡುತ್ತದೆ. ದುಃಖಾಂತ ಬರೆಯುವವರು ಕಲಿಯಬೇಕಾದ ಒಂದೇ ಪಾಠ ಹೇಳಿ ಎಂದರೆ ನಾವು ಇದನ್ನೇ ಹೇಳುತ್ತೇವೆ. ದೊಡ್ಡ ಸಾವಿನ ಹಿಂದೆಯೇ ಹೆಸರಿನ ಪಟ್ಟಿ ಓಡಿಸಿದರೆ ಆಟಗಾರ ಅನಾಥನಾಗುತ್ತಾನೆ. ಲಾರಿಯನ್ ಕಂಪನಿ ಇದನ್ನು ತಡವಾಗಿ ಅರಿತುಕೊಂಡಿತು: 2023ರ ಆಗಸ್ಟ್‌ನಲ್ಲಿ ಬಂದ 'ಬಾಲ್ಡರ್ಸ್ ಗೇಟ್ 3'ರ ಕೊನೆ ಥಟ್ಟನೆ ಮುಗಿದಂತಿತ್ತು. ನವೆಂಬರ್ 30ರ ಐದನೇ ಪ್ಯಾಚ್‌ನಲ್ಲಿ, ಕಥೆಯಲ್ಲಿ ಆರು ತಿಂಗಳ ನಂತರ ಸಂಗಡಿಗರೆಲ್ಲ ಸೇರಿ ಮಾತಾಡುವ ಒಂದು ರಾತ್ರಿಯನ್ನು ಸೇರಿಸಿದರು. ನಮ್ಮ ದೇಶದ್ದೇ ಆದ, ಪುಣೆಯವರು 2020ರಲ್ಲಿ ತಂದ 'ರಾಜಿ'ಯೂ ನೋಡಲು ಸೊಗಸು, ಆದರೆ ತಮ್ಮನನ್ನು ಹುಡುಕುವ ಅಕ್ಕನ ಕಥೆ ಅಲ್ಲಿ ಮುಗಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಸುಖಾಂತಕ್ಕೂ ಇದೇ ಕಾನೂನು. 'ಸೈಬರ್‌ಪಂಕ್ 2077'ರ ಮೂಲ ಎಂಡಿಂಗ್‌ಗಳಲ್ಲಿ ಸಾಯುತ್ತಿರುವ ನಾಯಕ ವಿ ಪೂರ್ತಿ ಗುಣವಾಗುವ ದಾರಿ ಇರಲಿಲ್ಲ. 2023ರ ಸೆಪ್ಟೆಂಬರ್‌ನ 'ಫ್ಯಾಂಟಮ್ ಲಿಬರ್ಟಿ' ಎಂಬ ಹೆಚ್ಚುವರಿ ಭಾಗ ಬದುಕುವ ದಾರಿ ಕೊಟ್ಟಿತು. ಶಸ್ತ್ರಚಿಕಿತ್ಸೆ ಯಶಸ್ವಿ, ಎರಡು ವರ್ಷ ಕೋಮಾ. ಎದ್ದಾಗ ಮೈಯೊಳಗೆ ಕೂರಿಸುವ ಕಾದಾಟದ ಇಂಪ್ಲಾಂಟ್ ಒಂದೂ ಹೊಂದುವುದಿಲ್ಲ, ಗೆಳೆಯರೆಲ್ಲ ತಮ್ಮ ತಮ್ಮ ದಾರಿ ಹಿಡಿದಿರುತ್ತಾರೆ. ಬೀದಿ ರೌಡಿಗಳಿಗೂ ಪೆಟ್ಟು ತಿನ್ನುವ ಸಾಮಾನ್ಯ ಮನುಷ್ಯನಾಗಿ ವಿ ಜನಜಂಗುಳಿಯಲ್ಲಿ ಸೇರಿಹೋಗುತ್ತಾನೆ. ಜೀವ ಉಳಿದದ್ದಕ್ಕೆ ಸುಖಾಂತ ಎನ್ನಬೇಕು, ಆದರೆ ಅಷ್ಟು ತಾಸು ಆಟಗಾರ ಬೆಳೆಸಿದ್ದ ಬಲವನ್ನೇ ಬೆಲೆಯಾಗಿ ವಸೂಲು ಮಾಡಿದ್ದಾರೆ.

ಸುರಪುರದ ಕಥೆ ಗೇಮ್ ಆದರೆ

ಈ ಭಾಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆಂದು ಗೇಮ್ ಮಾಡುವವರಿಗೆ ಇದೆಲ್ಲ ಉಪಯೋಗಕ್ಕೆ ಬರಬೇಕಾದರೆ ಒಂದು ಗಟ್ಟಿ ಉದಾಹರಣೆ ಬೇಕು. 1858ರ ಸುರಪುರವನ್ನು ತೆಗೆದುಕೊಳ್ಳೋಣ. ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ಎದುರು ನಿಂತರು, ಸೆರೆಯಾದರು. ಮರಣದಂಡನೆ ಸೆರೆವಾಸಕ್ಕೆ ಇಳಿಯಿತು, ಸೆರೆಮನೆಗೆ ಸಾಗಿಸುವ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡರು. ತಾವೇ ಹೊಡೆದುಕೊಂಡರೋ, ಕೊಂದರೋ ಎಂಬ ವಾದ ಉಳಿದಿದೆ. ರಾಜರು ಬಾಲಕರಾಗಿದ್ದಾಗ ಸಂಸ್ಥಾನ ನೋಡಿಕೊಂಡವರು ಮೆಡೋಸ್ ಟೇಲರ್. ಅವರ ಬಂಗಲೆ ಇಂದಿಗೂ ಅಲ್ಲಿದೆ.

ಆಟಗಾರನನ್ನು ರಾಜರನ್ನಾಗಿ ಮಾಡಿದರೆ ಕೆಟ್ಟಿತು. ಒಂದೋ ಇತಿಹಾಸ ತಿರುಚಿ ಅವರನ್ನು ಬದುಕಿಸಬೇಕು, ಇಲ್ಲವೇ ಆಟಗಾರನ ಪ್ರಯತ್ನವನ್ನೆಲ್ಲ ಕೊನೆಯಲ್ಲಿ ಕಸ ಮಾಡಬೇಕು. ಆಟಗಾರ ಒಬ್ಬ ಕಲ್ಪಿತ ಬೇಡರ ಸವಾರನಾಗಲಿ. ರಾಜರ ಸಾವು ಗಟ್ಟಿ, ಊರಿನಲ್ಲಿ ಏನು ಉಳಿಯಿತು ಎಂಬುದು ಸವಾರನ ಕೈಯಲ್ಲಿ. ಐದು ರಾತ್ರಿ, ರಾತ್ರಿಗೊಂದು ನಿರ್ಧಾರ: ಕಣಜದ ಜೋಳ ಊರಿಗೆ ಹಂಚುವುದೋ ಕುದುರೆಗೆ ಇಡುವುದೋ, ಹೆಂಗಸರು ಮಕ್ಕಳನ್ನು ಹಳ್ಳಿಗೆ ಸಾಗಿಸುವುದೋ ಕೋಟೆಯೊಳಗೇ ಇರಿಸುವುದೋ, ಶತ್ರು ಬಿಡಾರದ ನಿಜವಾದ ಬಲವನ್ನು ರಾಜರಿಗೆ ಹೇಳುವುದೋ ಮುಚ್ಚಿಡುವುದೋ, ಹೀಗೆ.

ಐದು ಇಬ್ಬಗೆಯ ಆಯ್ಕೆ ಎಂದರೆ 32 ದಾರಿ. 32 ಎಂಡಿಂಗ್ ಬರೆಯಲು ಹೊರಟ ತಂಡ ಹತ್ತಕ್ಕೆ ಸುಸ್ತಾಗುತ್ತದೆ. ಬದಲಿಗೆ 'ಊರು' ಎಂಬ ಒಂದು ಎಣಿಕೆ ಇಡಿ, ಸೊನ್ನೆಯಿಂದ ಐದು. 0-1, 2-3, 4-5 ಎಂದು ಮೂರು ಎಂಡಿಂಗ್, ತಲಾ 250 ಪದ. ಅದರೊಳಗೆ ಪ್ರತಿ ನಿರ್ಧಾರದ ಎರಡೂ ಬದಿಗೆ ಒಂದೊಂದು ಸಾಲು, ಒಟ್ಟು ಹತ್ತು ಸಾಲು: "ಕಣಜದ ಬಾಗಿಲು ತೆರೆದೇ ಇತ್ತು" ಎಂಬಂಥದ್ದು. ಬರೆಯುವ ಕೆಲಸ ಮೂರು ಪುಟದೊಳಗೆ, ಆಟಗಾರನಿಗೆ ಕಾಣುವುದು 32 ಬಗೆ.

ಇಲ್ಲಿ ತಪ್ಪದೇ ಆಗುವ ಒಂದು ಎಡವಟ್ಟು ಇದೆ. ಬಹಳ ಜನ ಒಳ್ಳೆಯತನದ ಉತ್ತರವನ್ನೇ ಒತ್ತುತ್ತಾರೆ, ಎಲ್ಲರೂ 4-5ಕ್ಕೆ ಬಂದು ಬೀಳುತ್ತಾರೆ, ಉಳಿದ ಎರಡು ಎಂಡಿಂಗ್ ಯಾರಿಗೂ ಕಾಣುವುದಿಲ್ಲ. ಒಳ್ಳೆಯತನಕ್ಕೆ ಬೆಲೆ ಹಚ್ಚಿದರೆ ಇದು ಸರಿಹೋಗುತ್ತದೆ. ಜೋಳ ಹಂಚಿದರೆ ನಾಲ್ಕನೇ ರಾತ್ರಿ ಕುದುರೆ ಓಡುವುದಿಲ್ಲ, ಆ ರಾತ್ರಿಯ ಒಂದು ಆಯ್ಕೆಯೇ ಮುಚ್ಚಿಹೋಗಿರುತ್ತದೆ.

ಮಾತೇ ಮುಖ್ಯವಾದ ಇಂಥ ಗೇಮ್‌ಗೆ ರೆನ್‌ಪೈ ಎಂಬ ಗೇಮ್ ಕಟ್ಟುವ ತಂತ್ರಾಂಶ ಸಾಕು. ಉಚಿತ, ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ. ಎಣಿಕೆಯನ್ನು 'ಡಿಫಾಲ್ಟ್' ಎಂದು ಘೋಷಿಸಬೇಕು, 'ಡಿಫೈನ್' ಎಂದಲ್ಲ. ಡಿಫೈನ್ ಮಾಡಿದ್ದು ಬದಲಾಗದ ಬೆಲೆಗೆಂದು ಇರುವುದು, ಅದು ಸೇವ್ ಫೈಲ್‌ಗೆ ಹೋಗುತ್ತದೆಂಬ ಖಾತ್ರಿಯಿಲ್ಲ. ಮರುದಿನ ಲೋಡ್ ಮಾಡಿದವನ ಎಣಿಕೆ ಸೊನ್ನೆಯಾಗಿ, ಊರು ಉಳಿಸಿದವನಿಗೆ ಊರು ಸುಟ್ಟ ಎಂಡಿಂಗ್ ಬರಬಹುದು. ಒಂದೇ ಕೂತಲ್ಲಿ ಆಡಿ ಪರೀಕ್ಷಿಸುವ ತಂಡಕ್ಕೆ ಇದು ಸಿಕ್ಕಿಬೀಳುವುದೇ ಇಲ್ಲ, ಆದ್ದರಿಂದ ಮೂರನೇ ರಾತ್ರಿ ಸೇವ್ ಮಾಡಿ, ಗೇಮ್ ಮುಚ್ಚಿ, ಮತ್ತೆ ತೆರೆದು ಆಡಿಸಬೇಕು. ಇನ್ನೊಂದು, ರೆನ್‌ಪೈನಲ್ಲಿ ಮೌಸ್ ಚಕ್ರ ತಿರುಗಿಸಿದರೆ ಕಥೆ ಹಿಂದಕ್ಕೆ ಹೋಗುತ್ತದೆ. ಜೋಳ ಹಂಚಿ, ಪರಿಣಾಮ ನೋಡಿ, ಹಿಂದೆ ಬಂದು ಬದಲಿಸಿಬಿಡಬಹುದು. ತೂಕದ ಐದು ಆಯ್ಕೆಗಳ ನಂತರ ಮಾತ್ರ ಹಿಂದೆ ಹೋಗುವುದನ್ನು ತಡೆಯುವ ಬ್ಲಾಕ್ ರೋಲ್‌ಬ್ಯಾಕ್ ಹಾಕಿ. ಎಲ್ಲ ಕಡೆ ಹಾಕಿದರೆ ಒಂದು ಸಾಲು ತಪ್ಪಿ ದಾಟಿಸಿದವನು ಅದನ್ನು ಮತ್ತೆ ಓದಲಾಗದೆ ಗೇಮನ್ನೇ ಬಿಡುತ್ತಾನೆ.

ಕನ್ನಡ ಅಕ್ಷರದ ಕಾಟ ಬೇರೆ. ಯೂನಿಟಿ ಎಂಬ ಗೇಮ್ ತಂತ್ರಾಂಶದಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ, ವೆಂಕಟಪ್ಪ ಎಂಬ ಹೆಸರೇ ಒಡೆದು ಕಾಣುತ್ತದೆ. ಅಂಥದೇ ತಂತ್ರಾಂಶ ಗೋಡೊದ ನಾಲ್ಕನೇ ಆವೃತ್ತಿ ಮತ್ತು ರೆನ್‌ಪೈನ ಈಚಿನ ಆವೃತ್ತಿಗಳು ಇದನ್ನು ನಿಭಾಯಿಸುತ್ತವೆ, ಆದರೆ ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಗೇಮ್ ಫೋಲ್ಡರ್‌ನಲ್ಲೇ ಇಟ್ಟು ಹೆಸರಿಸಬೇಕು, ಇಲ್ಲದಿದ್ದರೆ ಬರೀ ಡಬ್ಬಿ ಕಾಣಬಹುದು. ಅಕ್ಷರಕ್ಕೆ ಅಕ್ಷರ ಟೈಪಾದಂತೆ ತೋರಿಸುವ ಸೌಲಭ್ಯವನ್ನು ಕನ್ನಡಕ್ಕೆ ಬಂದ್ ಮಾಡಿಡುವುದೇ ಕ್ಷೇಮ. 'ಸ್ತ್ರೀ' ಅಕ್ಷರ ತುಂಡು ತುಂಡಾಗಿ ಮೂಡುವುದನ್ನು ನೋಡುತ್ತಾ ಯಾರಿಗೂ ದುಃಖ ಬರುವುದಿಲ್ಲ.

ಪರೀಕ್ಷೆಗೆ ತಂಡದ ಹೊರಗಿನ ಐದಾರು ಮಂದಿ ಸಾಕು. "ಎಂಡಿಂಗ್ ಹೆಂಗಿತ್ತು?" ಎಂದು ಕೇಳಿದರೆ "ಛಲೋ ಅದ" ಎನ್ನುತ್ತಾರೆ, ಗೆಳೆತನಕ್ಕೆ. "ಊರು ಯಾಕ ಹಿಂಗಾತು?" ಎಂದು ಕೇಳಿ. ಜೋಳ, ಕುದುರೆ, ಮುಚ್ಚಿಟ್ಟ ಮಾತು ಎಂದು ತಾವು ಮಾಡಿದ ಒಂದಾದರೂ ಕೆಲಸದ ಹೆಸರು ಹೇಳಿದರೆ ಆ ಎಂಡಿಂಗ್ ಬಿಡುಗಡೆಗೆ ಸಿದ್ಧ. "ಗೇಮ್‌ದಾಗ ಹಂಗೇ ಇತ್ರಿ" ಎಂದರೆ ಎಂಡಿಂಗ್ ಮುಟ್ಟಬೇಡಿ. ಮೂರನೇ ಮತ್ತು ನಾಲ್ಕನೇ ರಾತ್ರಿಯ ದೃಶ್ಯ ತೆರೆದು, ಆಯ್ಕೆಯ ಗುರುತು ಎಲ್ಲಿ ಕಾಣದೇ ಹೋಗಿದೆ ಎಂದು ನೋಡಿ.